ಟ್ಯೂಬ್ ಇಲ್ಲಂದ್ರ ಗಾಳಿ ಎಲ್ಲಿ ಕುಂದರತೈತಿ?

“ಟ್ಯೂಬ್ ಇಲ್ಲಂದ್ರ ಗಾಳಿ ಎಲ್ಲಿ ಕುಂದರತೈತೋ ತಮ್ಮಾ?” ಮಾನ್ವಿ ರಸ್ತೆಯ ಪಂಚರ್ ಅಂಗಡಿಯ ಕಾಕಾ ಹೀಗೆ ಕೇಳಿದಾಗ ನನ್ನ ಸೈಕಲ್ಲಿನ ಹಿಂದಿನ ಗಾಲಿ ಅವರ ತೊಡೆಯ ಮೇಲಿತ್ತು. ಮೋಟಾರ್‌ಬೈಕಿನ ಟ್ಯೂಬ್‌ಲೆಸ್ ಟೈರಿಗೆ ದಿನವೂ ಬತ್ತಿ ತುರುಕುವ ಕೈ ಅದು. ಟ್ಯೂಬ್‌ಲೆಸ್ ಎಂಬ ಮಾತು ಅವರಿಗೆ ಹೊಸದಲ್ಲ. ಅನುಮಾನ ಇದ್ದದ್ದು ಕಡ್ಡಿಗಳ ಮೇಲೆ. “ಬೈಕಿನ ಗಾಲಿ ಇಡಿಯಾಗಿ ಎರಕ ಹೊಯ್ದದ್ದು. ಅದರಾಗ ತೂತಿಲ್ಲ, ಗಾಳಿ ನಿಲ್ತೈತಿ. ಇದರಾಗ ಕಡ್ಡಿಗೊಂದು ತೂತು, ಎಣಿಸಿದ್ರ ಮೂವತ್ತೆರಡು. ಜರಡಿಯಾಗ ನೀರು ತುಂಬಿದಂಗ ಆಗಂಗಿಲ್ಲೇನು?”

ಸೈಕಲ್ ಗಾಲಿಯನ್ನು ಟ್ಯೂಬ್‌ಲೆಸ್ ಮಾಡುವ ಕೆಲಸವೆಲ್ಲ ಕಾಕಾನ ಈ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ. ಟ್ಯೂಬಿದ್ದಾಗ ಗಾಳಿ ಹಿಡಿಯುವ ಚೀಲ ಬೇರೆ, ಅದನ್ನು ಕಾಯುವ ಟೈರು ಬೇರೆ. ಟ್ಯೂಬು ತೆಗೆದ ಮೇಲೆ ರಿಮ್ಮು ಮತ್ತು ಟೈರು ಎರಡೂ ಕೂಡಿ ಆ ಚೀಲವಾಗಬೇಕು. ಗಾಳಿ ಹೊರಹೋಗುವ ದಾರಿಗಳು ಮೂರು: ಕಡ್ಡಿಯ ತೂತುಗಳು, ಟೈರಿನ ಅಂಚು ರಿಮ್ಮಿಗೆ ತಾಗುವ ಜಾಗ, ವಾಲ್ವಿನ ಬುಡ. ಮೂರನ್ನೂ ಮುಚ್ಚಿದರೆ ಗಾಳಿ ನಿಲ್ಲುತ್ತದೆ. ನಾಲ್ಕನೆಯ ದಾರಿಯನ್ನು ನಮ್ಮ ಸೀಮೆಯ ಮುಳ್ಳು ದಿನವೂ ಹೊಸದಾಗಿ ಮಾಡುತ್ತದೆ. ಅದಕ್ಕೆ ಟೈರಿನೊಳಗೆ ಒಂದು ಹಾಲಿನಂಥ ದ್ರವ ಇರಬೇಕು. ಅದರ ಹೆಸರು ಸೀಲೆಂಟ್.

ನಾನು ಹೇಳುತ್ತಿರುವುದು ರೋಡ್ ಬೈಕ್ ಎಂದು ಕರೆಯುವ, ಬಾಗಿದ ಹ್ಯಾಂಡಲ್ಲಿನ, ಸಣ್ಣ ಟೈರಿನ ಗೇರ್ ಸೈಕಲ್ ಬಗ್ಗೆ. ನಸುಕಿನಲ್ಲಿ ರಾಯಚೂರು ಬಿಟ್ಟರೆ ಒಂದು ದಿನ ಕಲ್ಲೂರು ದಾಟಿ ಮಾನ್ವಿ, ಇನ್ನೊಂದು ದಿನ ಗಬ್ಬೂರು ದಾಟಿ ದೇವದುರ್ಗ. ಎರಡೂ 50 ಕಿಲೋಮೀಟರಿನ ಆಸುಪಾಸು. ಬಿಸಿಲೇರುವ ಮುಂಚೆ ಹೋಗಿ ಬರಬಹುದಾದ ದೂರ. ಆದರೆ ಪಂಚರ್ ಆಗದೆ ಹೋಗಿ ಬಂದ ದಿನಗಳನ್ನು ನಾನು ಬೆರಳಲ್ಲಿ ಎಣಿಸುತ್ತಿದ್ದೆ.

ಕಾರಣ ರಸ್ತೆಯ ಎರಡೂ ಬದಿಗೆ ಕಾಣುತ್ತದೆ. ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಈ ಗಿಡ ಕೃಷ್ಣೆ ತುಂಗಭದ್ರೆಯರ ನಡುವಿನ ಈ ಒಣನೆಲವನ್ನು ತನ್ನದೇ ಮಾಡಿಕೊಂಡಿದೆ. ಹೊಲದ ಬೇಲಿಗೆಂದೋ ಉರುವಲಿಗೆಂದೋ ಕಡಿದು ಟ್ರ್ಯಾಕ್ಟರಿನಲ್ಲಿ ಸಾಗಿಸುವಾಗ ರಸ್ತೆಯುದ್ದಕ್ಕೂ ಟೊಂಗೆ ಉದುರುತ್ತದೆ. ಹಸಿ ಮುಳ್ಳು ಬಾಗುತ್ತದೆ, ಒಣಗಿದ್ದು ಮೊಳೆಯೇ. ಮಳೆಗಾಲ ಕಳೆದ ಮೇಲೆ ಇನ್ನೊಂದು ಶತ್ರು, ನೆಗ್ಗಿಲ ಮುಳ್ಳು. ನೆಲಕ್ಕೆ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ನಿಲ್ಲುವಂತೆ ಹುಟ್ಟಿದ ಕಾಯಿ ಅದು. ರಸ್ತೆಯ ಅಂಚಿಗೆ ಇಳಿದು ಲಾರಿಗೆ ದಾರಿ ಬಿಟ್ಟರೆ ಸಾಕು, ನಾಲ್ಕಾರು ಅಂಟಿಕೊಂಡು ಬರುತ್ತವೆ. ಮಾನ್ವಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆಯ ಭತ್ತದ ಹೊಲಗಳಿಂದ ಏರುವ ಟ್ರ್ಯಾಕ್ಟರುಗಳು ಕೆಸರಿಗೆಂದು ಕಟ್ಟಿದ ಕಬ್ಬಿಣದ ಕೇಜ್‌ವೀಲ್ ಹಾಕಿಕೊಂಡೇ ಡಾಂಬರಿಗೆ ಬಂದರೆ ರಸ್ತೆಯ ಮೈ ಕಿತ್ತು ಚೂಪುಕಲ್ಲು ಏಳುತ್ತದೆ. ಹೀಗಾಗಿ ನಮಗೆ ಟ್ಯೂಬ್‌ಲೆಸ್ ಎಂದರೆ ವೇಗದ ಮಾತಲ್ಲ. ಗಬ್ಬೂರಿನ ಆಚೆ ನೆರಳಿಲ್ಲದ ಕಡೆ ಸೈಕಲ್ ತಿರುವಿಹಾಕಿ ಕೂರುವುದನ್ನು ತಪ್ಪಿಸುವ ಮಾತು.

ಮೊದಲು ನೋಡಬೇಕಾದ್ದು ರಿಮ್ಮನ್ನು. ಟೈರು, ಟೇಪು, ಸೀಲೆಂಟು ಎಲ್ಲ ಆಮೇಲೆ. ಟೈರು, ಟ್ಯೂಬು, ಒಳಗಿನ ಪಟ್ಟಿ ಎಲ್ಲ ಬಿಚ್ಚಿ, ಬರೀ ರಿಮ್ಮನ್ನು ಬೆಳಕಿಗೆ ಹಿಡಿದು ಅದರ ಒಳಮೈ ನೋಡಿ. ನಡುವೆ ಒಂದು ತಗ್ಗು ಕಾಲುವೆ ಇರುತ್ತದೆ. ಅದರ ಎರಡೂ ಬದಿಗೆ ಕಟ್ಟೆಯಂಥ ಸಮತಟ್ಟು ಜಾಗ. ಟೈರಿನ ಅಂಚು ಕೂರುವುದು ಆ ಕಟ್ಟೆಯ ಮೇಲೆ. ಅಲ್ಲಿಂದ ಮೇಲೆದ್ದ ಗೋಡೆಯ ತುದಿ ಹೆಚ್ಚಿನ ರಿಮ್ಮುಗಳಲ್ಲಿ ಒಳಕ್ಕೆ ಕೊಕ್ಕೆಯಂತೆ ಬಾಗಿರುತ್ತದೆ. ಟ್ಯೂಬ್‌ಲೆಸ್‌ಗೆಂದೇ ಮಾಡಿದ ರಿಮ್ಮಿನಲ್ಲಿ ಕಟ್ಟೆ ಮುಗಿದು ಕಾಲುವೆ ಶುರುವಾಗುವ ಕಡೆ ಒಂದು ಸಣ್ಣ ದಿಣ್ಣೆ ಇರುತ್ತದೆ. ಕೂದಲಿನಷ್ಟೇ ಎತ್ತರ ಅನ್ನಿಸಿದರೂ ಜೀವ ಕಾಯುವುದು ಅದೇ. ಗಾಳಿ ಒಮ್ಮೆಲೇ ಹೋದರೂ ಟೈರಿನ ಅಂಚು ಜಾರಿ ಕಾಲುವೆಗೆ ಬೀಳದಂತೆ ತಡೆಯುತ್ತದೆ. ಸಾಧಾರಣ ರಿಮ್ಮಿನಲ್ಲಿ ಈ ದಿಣ್ಣೆ ಇರುವುದಿಲ್ಲ. ಗಾಳಿ ತುಂಬಿರುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಳಿಜಾರಿನಲ್ಲಿ ಮುಂದಿನ ಗಾಲಿಯ ಗಾಳಿ ಏಕಾಏಕಿ ಹೋದಾಗ ಗೊತ್ತಾಗುತ್ತದೆ.

ಆದ್ದರಿಂದ ನನ್ನ ಮಾತು ಇಷ್ಟು. ರಿಮ್ಮಿನ ಮೇಲೆ ಟ್ಯೂಬ್‌ಲೆಸ್‌ಗೆ ಸರಿ ಎಂದು ಬರೆದಿದ್ದರೆ ಧೈರ್ಯವಾಗಿ ಮಾಡಿ. ಬರೆದಿಲ್ಲ, ಆದರೆ ಎರಡು ಗೋಡೆಯ ಅಲ್ಯೂಮಿನಿಯಂ ರಿಮ್ಮು, ಕೊಕ್ಕೆ ಸರಿಯಾಗಿದೆ, ಒಳ ಅಗಲ 17 ಮಿಲಿಮೀಟರಿನ ಮೇಲಿದೆ ಎಂದರೆ ಹಿಂದಿನ ಗಾಲಿಗೆ ಮಾತ್ರ ಮಾಡಿ, ಮುಂದಿನದಕ್ಕೆ ಟ್ಯೂಬೇ ಇರಲಿ. ಹಿಂದಿನ ಟೈರು ಕಳಚಿಕೊಂಡರೆ ಸೈಕಲ್ ಎಳೆದಾಡುತ್ತದೆ, ನಿಲ್ಲಿಸಬಹುದು. ಮುಂದಿನದು ಕಳಚಿದರೆ ನೀವು ನೆಲದ ಮೇಲೆ. ಮುಳ್ಳು ಹೆಚ್ಚು ಚುಚ್ಚುವುದೂ ನಮ್ಮ ಭಾರ ಹೊತ್ತ ಹಿಂದಿನ ಗಾಲಿಗೇ. ಎಲ್ಲಾದರೂ ಬಿರುಕು ಕಂಡರೆ, ಗೋಡೆ ಬ್ರೇಕು ಉಜ್ಜಿ ತೆಳುವಾಗಿ ಬೆರಳಿಗೆ ತಗ್ಗು ತಾಗಿದರೆ, ಅಥವಾ ಕಂಪನಿ ಒಪ್ಪದ ಕಾರ್ಬನ್ ರಿಮ್ಮಾದರೆ ಕೈ ಹಾಕಬೇಡಿ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಮನೆಗಳ ಹಳೆಯ ಕರಿ ಸೈಕಲ್ಲಿನ ಟೈರಿನ ಮೇಲೂ 28 ಎಂದಿರುತ್ತದೆ, ರೋಡ್ ಬೈಕಿನ ಟೈರಿನ ಮೇಲೂ 28 ಎಂದಿರಬಹುದು. ಮೊದಲನೆಯದು ಇಂಚಿನ ಲೆಕ್ಕದ ಎತ್ತರ. ಎರಡನೆಯದು ಮಿಲಿಮೀಟರಿನ ಲೆಕ್ಕದ ದಪ್ಪ. ಟೈರಿನ ಅಂಚು ಕೂರುವ ವ್ಯಾಸ ಕರಿ ಸೈಕಲ್ಲಿನದು 635 ಮಿಲಿಮೀಟರ್, ರೋಡ್ ಬೈಕಿನದು 622. ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಕರಿ ಸೈಕಲ್ಲಿನ ಬಾಗಿದ ಉಕ್ಕಿನ ರಿಮ್ಮಿನಲ್ಲಿ ಕಟ್ಟೆಯೂ ಇಲ್ಲ, ಕೊಕ್ಕೆಯೂ ಇಲ್ಲ. ಅದನ್ನು ಟ್ಯೂಬ್‌ಲೆಸ್ ಮಾಡಲು ಆಗದು. 2006–07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳದ್ದೂ ಇದೇ ಕಥೆ. ಆದರೆ ಆ ಮಕ್ಕಳು ಓಡಾಡುವುದೂ ಇದೇ ಜಾಲಿಯ ದಾರಿಯಲ್ಲಿ. ಅವರಿಗೆ ದಾರಿ ಬೇರೆ ಇದೆ. ವಾಲ್ವು ಬಿಚ್ಚಿ ಟ್ಯೂಬಿನೊಳಕ್ಕೇ ಸೀಲೆಂಟ್ ಹಾಕಿ, ಬಾಯಿ ಒರೆಸಿ, ಹೊಸ ವಾಲ್‌ಟ್ಯೂಬ್ ಏರಿಸಿ ಗಾಳಿ ಹೊಡೆಯುವುದು. ಟ್ಯೂಬ್‌ಲೆಸ್‌ನಷ್ಟು ಚೆನ್ನಾಗಿ ಮುಚ್ಚುವುದಿಲ್ಲ, ಏಕೆಂದರೆ ಮುಳ್ಳು ಅಲುಗಾಡಿದಂತೆ ಟ್ಯೂಬಿನ ತೂತು ಅಗಲವಾಗುತ್ತ ಹೋಗುತ್ತದೆ. ಆದರೂ ಶಾಲೆಗೆ ಹೊತ್ತಿಗೆ ಮುಟ್ಟಿಸುತ್ತದೆ.

ಈಗ ಕಾಕಾನ ಜರಡಿಗೆ ಬರೋಣ. ಕಡ್ಡಿಯ ತೂತುಗಳನ್ನು ಮುಚ್ಚುವುದು ಒಂದು ಟೇಪು. ಹಿಗ್ಗದ, ತೆಳ್ಳನೆಯ, ಗಟ್ಟಿ ಅಂಟಿನ ಪ್ಲಾಸ್ಟಿಕ್ ಟೇಪು. ರಿಮ್ಮಿನ ಒಳ ಅಗಲಕ್ಕಿಂತ 2ರಿಂದ 4 ಮಿಲಿಮೀಟರ್ ಹೆಚ್ಚು ಅಗಲ ಇರಬೇಕು. 17 ಮಿಲಿಮೀಟರಿನ ರಿಮ್ಮಿಗೆ 19 ಅಥವಾ 21ರ ಟೇಪು. ವೈರಿಂಗಿಗೆ ಸುತ್ತುವ ಕರಿ ಟೇಪಿನಲ್ಲಿ ಕೆಲಸ ಮುಗಿಸಲು ನೋಡಬೇಡಿ. ಅದು ಹಿಗ್ಗುತ್ತದೆ, ಅದರ ಅಂಟು ನಮ್ಮ ಏಪ್ರಿಲ್ ಬಿಸಿಲಿಗೆ ಕರಗಿ ಜಾರುತ್ತದೆ, ಮತ್ತೆ ಮೂವತ್ತೆರಡೂ ತೂತು ಬಾಯಿ ಬಿಡುತ್ತವೆ.

ಟೇಪು ಅಂಟಿಸುವುದರಲ್ಲೇ ಅರ್ಧ ಗೆಲುವು. ರಿಮ್ಮಿನ ಒಳಮೈಯನ್ನು ಸ್ಪಿರಿಟ್ ಹಾಕಿ ಒರೆಸಿ. ಬಟ್ಟೆ ಬೆಳ್ಳಗೆ ಬರುವ ತನಕ. ಹಳೆಯ ಅಂಟು, ಎಣ್ಣೆ, ಬೆರಳಿನ ಜಿಡ್ಡು ಏನೂ ಉಳಿಯಬಾರದು. ವಾಲ್ವಿನ ತೂತಿಗಿಂತ ಒಂದು ಗೇಣು ಮುಂಚೆ ಶುರು ಮಾಡಿ, ಟೇಪನ್ನು ಜಗ್ಗಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ನಡುಗಾಲುವೆಗೆ ಒತ್ತುತ್ತ, ಗಾಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಬರಬೇಕು. ರೋಡ್ ಬೈಕಿನ ಒತ್ತಡಕ್ಕೆ ಎರಡು ಸುತ್ತು ಬೇಕು. ಎರಡೂ ಅಂಚು ಕಟ್ಟೆಗಳ ಮೇಲೆ ಹತ್ತಿ ಕೂತಿರಬೇಕು, ಗೋಡೆಯನ್ನು ಏರಬಾರದು. ಒಳಗೆ ಗಾಳಿಗುಳ್ಳೆ ಉಳಿದರೆ ಆ ಜಾಗದಲ್ಲಿ ಸೀಲೆಂಟ್ ನುಸುಳಿ ಟೇಪನ್ನು ಎಬ್ಬಿಸುತ್ತದೆ. ನಾನು ಮಾಡುವುದು ಹೀಗೆ: ಟೇಪು ಹಾಕಿದ ಮೇಲೆ ಒಂದು ರಾತ್ರಿ ಹಳೆಯ ಟ್ಯೂಬು, ಟೈರು ಹಾಕಿ ಗಾಳಿ ತುಂಬಿ ಬಿಡುತ್ತೇನೆ. ಟ್ಯೂಬು ಒಳಗಿನಿಂದ ಒತ್ತಿ ಒತ್ತಿ ಟೇಪನ್ನು ಮೂಲೆಮೂಲೆಗೂ ಕೂರಿಸುತ್ತದೆ. ಬೆಳಗ್ಗೆ ಟ್ಯೂಬು ತೆಗೆದು ನೋಡಿದರೆ ಪ್ರತಿ ಕಡ್ಡಿಯ ತೂತಿನ ಮೇಲೂ ಟೇಪು ಸಣ್ಣ ಗುಳಿಯಾಗಿ ಬಿಗಿದು ನಿಂತಿರುತ್ತದೆ, ತಬಲಾದ ಮೇಲಿನ ತೊಗಲಿನ ಹಾಗೆ.

ವಾಲ್ವಿನ ತೂತನ್ನು ಬ್ಲೇಡಿನಲ್ಲಿ ಕೊಯ್ಯಬೇಡಿ. ಕೊಯ್ದ ಜಾಗದಿಂದ ಟೇಪು ಮುಂದೆ ಹರಿಯುತ್ತ ಹೋಗುತ್ತದೆ. ಮೊಳೆಯೊಂದನ್ನು ಒಲೆಯ ಮೇಲೆ ಕಾಯಿಸಿ ಚುಚ್ಚಿದರೆ ತೂತು ದುಂಡಾಗಿ, ಅಂಚು ಕರಗಿ ಗಟ್ಟಿಯಾಗುತ್ತದೆ. ರಬ್ಬರಿನ ಬುಡವಿರುವ ಟ್ಯೂಬ್‌ಲೆಸ್ ವಾಲ್ವನ್ನು ಅದರಲ್ಲಿ ತೂರಿಸಿ ಹೊರಗಿನಿಂದ ನಟ್ಟು ಬಿಗಿಯಿರಿ. ಕೈಯಿಂದ ಎಷ್ಟು ಆಗುತ್ತದೋ ಅಷ್ಟೇ, ಇಕ್ಕಳ ಬೇಡ. ದಾರಿಯಲ್ಲಿ ಟ್ಯೂಬು ಹಾಕಬೇಕಾಗಿ ಬಂದರೆ ಆ ನಟ್ಟನ್ನು ಬರಿಗೈಯಲ್ಲೇ ಬಿಚ್ಚಬೇಕಲ್ಲ.

ಇನ್ನು ಟೈರು. ನನ್ನ ತಪ್ಪು ಆದದ್ದು ಇಲ್ಲೇ. ಇರುವ ಟೈರೇ ಚೆನ್ನಾಗಿದೆ, ಅಂಚಿಗೆ ಸೀಲೆಂಟ್ ಹಿಡಿದುಕೊಳ್ಳುತ್ತದೆ, ಸಾಕು ಎಂದು ಸಾಧಾರಣ ಟೈರನ್ನೇ ಹಾಕಿದ್ದೆ. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಕಲ್ಲೂರಿನಲ್ಲಿ ಚಹಾದ ಅಂಗಡಿ ಎದುರು ಬಿಸಿಲಿಗೆ ಸೈಕಲ್ ನಿಲ್ಲಿಸಿ ಒಳಗೆ ಕೂತಿದ್ದೆ. ಗುಂಡು ಹಾರಿದಂಥ ಸದ್ದು. ಅಂಗಡಿಯ ಜನ ಎದ್ದು ಹೊರಗೆ ಓಡಿದರು. ಟೈರಿನ ಒಂದು ಅಂಚು ರಿಮ್ಮು ಬಿಟ್ಟು ಆಚೆ ಬಿದ್ದಿತ್ತು, ಗೋಡೆಯ ಮೇಲೆ ಸೀಲೆಂಟಿನ ಬಿಳಿ ಚಿಮುಕು. ನಾನು ಆಗ ಸೈಕಲ್ಲಿನ ಮೇಲೆ ಇರಲಿಲ್ಲ ಎಂಬುದಷ್ಟೇ ನನ್ನ ಪುಣ್ಯ.

ಆಮೇಲೆ ಕಾರಣ ತಿಳಿದುಕೊಂಡೆ. ಸಾಧಾರಣ ಟೈರಿನ ಅಂಚಿನ ದಾರ ಇಲ್ಲವೇ ತಂತಿ ಒತ್ತಡಕ್ಕೆ ತುಸು ಹಿಗ್ಗುತ್ತದೆ. ಟ್ಯೂಬಿದ್ದರೆ ಅದು ಒಳಗಿನಿಂದ ಅಂಚನ್ನು ಗೋಡೆಗೆ ಒತ್ತಿ ಹಿಡಿದಿರುತ್ತದೆ, ಆದ್ದರಿಂದ ಪರವಾಗಿಲ್ಲ. ಟ್ಯೂಬಿಲ್ಲದಾಗ ಆ ಹಿಗ್ಗಿದ ಒಂದೆರಡು ಮಿಲಿಮೀಟರೇ ಸಾಕು, ಅಂಚು ಕೊಕ್ಕೆ ದಾಟಿ ಹಾರುತ್ತದೆ. ಟ್ಯೂಬ್‌ಲೆಸ್ ಟೈರಿನ ಅಂಚಿಗೆ ಹಿಗ್ಗದ ನಾರು ಹಾಕಿರುತ್ತಾರೆ. ಕಟ್ಟೆಯ ಮೇಲೆ ಅಪ್ಪಿ ಕೂರುವಂತೆ ಅದರ ಆಕಾರವೂ ಚೌಕ. ಟೈರಿನ ಬದಿಯ ಮೇಲೆ ‘ಟ್ಯೂಬ್‌ಲೆಸ್’ ಅಥವಾ ‘ಟ್ಯೂಬ್‌ಲೆಸ್ ರೆಡಿ’ ಎಂದು ಇಲ್ಲದಿದ್ದರೆ ಆ ಟೈರು ಈ ಕೆಲಸಕ್ಕಲ್ಲ. ದಪ್ಪ ಟೈರಿನ, ಕಡಿಮೆ ಒತ್ತಡದ ಗುಡ್ಡಗಾಡು ಸೈಕಲ್ಲಿನಲ್ಲಿ ಸಾಧಾರಣ ಟೈರನ್ನು ಹೇಗೋ ಸಂಭಾಳಿಸಿದವರುಂಟು. ರಸ್ತೆಯ ಟೈರಿನ ಒತ್ತಡ ಅದರ ಎರಡು ಮೂರು ಪಟ್ಟು. ದುಡ್ಡು ಉಳಿಸುವ ಜಾಗ ಇದಲ್ಲ.

ಈ ಎರಡು ಒತ್ತಡಗಳ ಅಂತರದಿಂದಲೇ ರಸ್ತೆಯ ಸೈಕಲ್ಲಿಗೆ ಟ್ಯೂಬ್‌ಲೆಸ್ ತಡವಾಗಿ ಬಂತು. ಗಾಳಿ ತುಂಬಿದ ಟೈರನ್ನು ಜಾನ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಕಟ್ಟಿದ್ದು 1888ರ ಸುಮಾರಿಗೆ. ಕಾರಿಗೆ ಟ್ಯೂಬ್‌ಲೆಸ್ ಟೈರನ್ನು ಅಮೆರಿಕದ ಗುಡ್‌ರಿಚ್ ಕಂಪನಿ 1947ರಲ್ಲಿ ತಂದಿತು. ಗುಡ್ಡಗಾಡು ಸೈಕಲ್ಲಿಗೆ ಬಂದದ್ದು 1999ರಲ್ಲಿ, ಫ್ರಾನ್ಸಿನ ಮಾವಿಕ್, ಹಚಿನ್ಸನ್, ಮಿಶಲಿನ್ ಕಂಪನಿಗಳು ಸೇರಿ ಮಾಡಿದ ಪದ್ಧತಿಯಾಗಿ. ಹಚಿನ್ಸನ್ ಮತ್ತು ಜಪಾನಿನ ಶಿಮಾನೊ ರಸ್ತೆಯ ಸೈಕಲ್ಲಿಗೆ ಹೊಂದಿಸಿದ್ದು 2006ರ ಹೊತ್ತಿಗೆ. ಗಾಳಿಯೇ ಇಲ್ಲದ ಗಾಲಿ ಹೇಗಿತ್ತೆಂದು ನೋಡಬೇಕಾದರೆ ನಮ್ಮ ರಾಯಚೂರು ಕೋಟೆಗೇ ಹೋಗಬಹುದು. ಅಲ್ಲಿನ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಆ ಕಲ್ಲನ್ನು ಬಂಡಿಯ ಮೇಲೇರಿಸಿ, ಸಾಲು ಸಾಲು ಕೋಣಗಳನ್ನು ಕಟ್ಟಿ ಎಳೆಸಿ ತರುವ ಚಿತ್ರವನ್ನೂ ಕೊರೆದಿದ್ದಾರೆ. ಬಂಡಿಯದು ಕಡ್ಡಿಯಿಲ್ಲದ ಇಡಿ ಗಾಲಿ. ಅದಕ್ಕೆ ಸನ್ನೆಗೋಲು ಕೊಟ್ಟು ಮೀಟುತ್ತಿರುವ ಆಳುಗಳನ್ನು ನೋಡಿದಾಗಲೆಲ್ಲ, ಟೈರು ಏರಿಸುವಾಗ ಕೊನೆಯ ಒಂದು ಗೇಣಿಗೆ ನಾನು ಪಡುವ ಪಾಡು ನೆನಪಾಗುತ್ತದೆ.

ಆ ಕೊನೆಯ ಗೇಣಿಗೆ ಒಂದು ಗುಟ್ಟಿದೆ. ಏರಿಸುವ ಕೆಲಸ ವಾಲ್ವಿನ ಎದುರು ಬದಿಯಲ್ಲಿ ಶುರುವಾಗಿ ವಾಲ್ವಿನ ಹತ್ತಿರ ಮುಗಿಯಬೇಕು. ಈಗಾಗಲೇ ಏರಿದ ಅಂಚನ್ನು ಬೆರಳಿನಿಂದ ಒತ್ತಿ ಒತ್ತಿ ನಡುಗಾಲುವೆಗೆ ಇಳಿಸುತ್ತ ಬಂದರೆ, ಕಟ್ಟೆಗೂ ಕಾಲುವೆಗೂ ಇರುವ ಎತ್ತರದಷ್ಟು ಸಡಿಲು ಕೊನೆಗೆ ಕೈಗೆ ಸಿಗುತ್ತದೆ. ವಾಲ್ವಿನ ಬುಡ ಇರುವಲ್ಲಿ ಅಂಚು ಕಾಲುವೆಗೆ ಇಳಿಯಲಾರದು, ಅದಕ್ಕೇ ಆ ಜಾಗ ಕೊನೆಗೆ. ಸೋಪಿನ ನೀರು ಸವರಿದರೆ ಸಲೀಸು. ಕಬ್ಬಿಣದ ಮೀಟುಗೋಲು ಮಾತ್ರ ಬೇಡವೇ ಬೇಡ. ಒಂದು ಗೀರು ಬಿದ್ದರೂ ಟೇಪು ಹರಿಯುತ್ತದೆ. ಪ್ಲಾಸ್ಟಿಕ್ಕಿನದು ಇಟ್ಟುಕೊಳ್ಳಿ.

ಅಂಚನ್ನು ಕಟ್ಟೆಗೆ ಹತ್ತಿಸಲು ಗಾಳಿ ಒಮ್ಮೆಲೇ ನುಗ್ಗಬೇಕು. ಕೈಪಂಪಿನಲ್ಲಿ ಹೊಡೆದಷ್ಟೂ ಬದಿಯಿಂದ ಸೋರಿ ಹೋಗುತ್ತದೆ, ಭುಜ ನೋಯುವುದೊಂದೇ ಫಲ. ವಾಲ್ವಿನ ಒಳಗಿನ ಪಿನ್ನನ್ನು ಬಿಚ್ಚಿಟ್ಟು, ಪಂಚರ್ ಅಂಗಡಿಯ ಕಂಪ್ರೆಸರಿನಿಂದ ಗಾಳಿ ಬಿಡಿ. ರೋಡ್ ಬೈಕಿನ ವಾಲ್ವು ಸಣ್ಣದು, ಪ್ರೆಸ್ಟಾ ಎಂಬ ಜಾತಿ. ನಮ್ಮ ಅಂಗಡಿಗಳ ಪೈಪು ಮೋಟಾರ್‌ಬೈಕಿನ ದಪ್ಪ ವಾಲ್ವಿಗೆ ಹೊಂದುವಂಥದ್ದು. ನಡುವೆ ಹಾಕುವ ಬೆರಳ ತುದಿಯಷ್ಟರ ಹಿತ್ತಾಳೆಯ ಅಡಾಪ್ಟರ್ ಸದಾ ಜೇಬಿನಲ್ಲಿರಲಿ. ಅದಿಲ್ಲದೆ ಮಾನ್ವಿಯಲ್ಲಾಗಲಿ ದೇವದುರ್ಗದಲ್ಲಾಗಲಿ ಕಂಪ್ರೆಸರ್ ಎದುರಿಗಿದ್ದೂ ಗಾಳಿ ಸಿಗುವುದಿಲ್ಲ. ಆದರೆ ಆ ಪಿನ್ನು ಅಡಾಪ್ಟರಿನ ಹಿಡಿತಕ್ಕೆ ಬೇಕಾದ ವಾಲ್ವುಗಳೂ ಇವೆ. ಹಾಗಿದ್ದರೆ ಪಿನ್ನನ್ನು ಬಿಚ್ಚದೆ, ಸೋಪಿನ ನೀರು ಇನ್ನಷ್ಟು ಹಚ್ಚಿ ಗಾಳಿ ಬಿಡಿ. ಅಂಗಡಿಯವರಿಗೆ ಮೊದಲೇ ಒಂದು ಮಾತು ಹೇಳಿ: ಇದು ಲಾರಿಯ ಟೈರಲ್ಲ, ಕಂಪ್ರೆಸರಿನ ಗಾಳಿ ಕಣ್ಣುಮುಚ್ಚಿ ತೆಗೆಯುವುದರೊಳಗೆ ಮಿತಿ ದಾಟುತ್ತದೆ. ರಿಮ್ಮಿನ ಮೇಲೊಂದು, ಟೈರಿನ ಮೇಲೊಂದು ಮಿತಿ ಬರೆದಿರುತ್ತದೆ. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಕೊನೆ.

ಗಾಳಿ ನುಗ್ಗುತ್ತಿದ್ದಂತೆ ‘ಫಟ್’, ಇನ್ನೊಮ್ಮೆ ‘ಫಟ್’. ಒಂದೊಂದು ಅಂಚು ಕಟ್ಟೆ ಹತ್ತಿದ ಸದ್ದು. ಟೈರಿನ ಬದಿಯಲ್ಲಿ ರಿಮ್ಮಿಗೆ ಸಮನಾಗಿ ಓಡುವ ಸಣ್ಣ ಗೆರೆ ಇರುತ್ತದೆ. ಸುತ್ತಲೂ ಅದು ಒಂದೇ ಎತ್ತರದಲ್ಲಿ ಕಂಡರೆ ಟೈರು ಸರಿಯಾಗಿ ಕೂತಿದೆ. ಒಂದು ಕಡೆ ಮುಳುಗಿದ್ದರೆ ಗಾಳಿ ಇಳಿಸಿ ಮತ್ತೆ ಮಾಡಿ. ಇನ್ನೂ ಸೀಲೆಂಟ್ ಹಾಕಿಲ್ಲ ಎಂಬುದು ನೆನಪಿರಲಿ. ಒಣ ಟೈರಿನಲ್ಲೇ ಗಾಳಿ ಒಂದಿಷ್ಟು ಹೊತ್ತು ನಿಂತರೆ ಕೆಲಸ ಶುದ್ಧವಾಗಿದೆ. ಸೋಪಿನ ನೀರು ಸವರಿ ನೋಡಿ: ಟೈರಿನ ಅಂಚಿನಲ್ಲಿ ಗುಳ್ಳೆ ಬಂದರೆ ಚಿಂತೆಯಿಲ್ಲ, ಸೀಲೆಂಟ್ ಮುಚ್ಚುತ್ತದೆ. ಕಡ್ಡಿಯ ನಿಪ್ಪಲ್ಲಿನ ಬುಡದಲ್ಲಿ ಗುಳ್ಳೆ ಬಂದರೆ ದೋಷ ಟೇಪಿನದು. ಅಲ್ಲಿ ಸೀಲೆಂಟಿನ ಮೇಲೆ ಭಾರ ಹಾಕದೆ ಟೇಪನ್ನೇ ಹೊಸದಾಗಿ ಹಾಕಿ. ಎಲ್ಲಿ ಸೋರಿದರೂ ಗಾಳಿ ರಿಮ್ಮಿನ ಟೊಳ್ಳಿನಲ್ಲಿ ಓಡಾಡಿ ಬೇರೆ ತೂತಿನಿಂದ ಬರುತ್ತದೆ. ಗುಳ್ಳೆ ಕಂಡಲ್ಲೇ ಟೇಪು ಹರಿದಿದೆ ಎಂದುಕೊಳ್ಳಬೇಡಿ.

ಸೀಲೆಂಟ್ ಹಾಕಲು ಔಷಧದ ಅಂಗಡಿಯ ದೊಡ್ಡ ಸಿರಿಂಜ್ ಸಾಕು, ಸೂಜಿ ಬೇಡ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ತಳದಲ್ಲಿ ಕೂತ ಕಣಗಳೆಲ್ಲ ಎದ್ದ ಮೇಲೆ, ಪಿನ್ನು ತೆಗೆದ ವಾಲ್ವಿನಿಂದ 28 ಮಿಲಿಮೀಟರಿನ ಟೈರಿಗೆ 40 ಮಿಲಿಲೀಟರಿನಷ್ಟು ಬಿಡಿ. ಪಿನ್ನು ಹಾಕಿ, ಗಾಳಿ ತುಂಬಿ, ಗಾಲಿಯನ್ನು ತಿರುಗಿಸಿ, ಆಚೆ ಈಚೆ ವಾಲಿಸಿ, ಒಂದೊಂದು ಬದಿಗೆ ಹತ್ತು ನಿಮಿಷ ಅಡ್ಡ ಮಲಗಿಸಿ. ಮೊದಲ ರಾತ್ರಿ ಗಾಳಿ ಒಂದಿಷ್ಟು ಇಳಿಯುವುದು ಸಹಜ. ಒಂದು ಸುತ್ತು ಓಡಿಸಿ ಬಂದರೆ ನಿಲ್ಲುತ್ತದೆ.

ಈ ಹಾಲಿನ ಕೆಲಸ ಬಲು ಸರಳ. ಹೆಚ್ಚಿನ ಸೀಲೆಂಟುಗಳಲ್ಲಿ ಇರುವುದು ನೀರಿನಲ್ಲಿ ತೇಲುವ ರಬ್ಬರ್ ಹಾಲು, ಜೊತೆಗೆ ಸಣ್ಣ ನಾರು, ಕಣಗಳು. ಮುಳ್ಳು ತೂತು ಮಾಡಿದೊಡನೆ ಗಾಳಿ ಹೊರಕ್ಕೆ ಓಡುತ್ತ ಹಾಲನ್ನೂ ಎಳೆದೊಯ್ಯುತ್ತದೆ. ನಾರು ಆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ರಬ್ಬರು ಅದರ ಸುತ್ತ ಹೆಪ್ಪುಗಟ್ಟುತ್ತದೆ. ಆದರೆ ಹೆಪ್ಪುಗಟ್ಟುವ ಗುಣವೇ ಅದರ ಆಯುಸ್ಸನ್ನೂ ಕಡಿಮೆ ಮಾಡುತ್ತದೆ. ತಂಪು ದೇಶದಲ್ಲಿ ಆರು ತಿಂಗಳು ಬಾಳುವ ಸೀಲೆಂಟ್ ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ಎರಡೇ ತಿಂಗಳಿಗೆ ಒಣಗಿ, ಟೈರಿನೊಳಗೆ ಹಾಲಿನ ಕೆನೆಯಂಥ ಪೊರೆಯಾಗಿ ಅಂಟಿಕೊಂಡಿರುವುದನ್ನು ನಾನು ಕೈಯಾರೆ ಸುಲಿದು ತೆಗೆದಿದ್ದೇನೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಗಾಲಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ. ತುಳುಕುವ ಸದ್ದು ಬರಬೇಕು. ಬರದಿದ್ದರೆ ಇನ್ನೂ 20 ಮಿಲಿಲೀಟರ್. ಟ್ಯೂಬ್‌ಲೆಸ್ ಹಾಕಿಸಿ ಮರೆತುಬಿಟ್ಟು, ‘ಇದೇನೂ ಪ್ರಯೋಜನ ಇಲ್ಲ’ ಎನ್ನುವವರ ಟೈರು ಬಿಚ್ಚಿ ನೋಡಿ. ಒಳಗೆ ಹನಿಯೂ ಇರುವುದಿಲ್ಲ.

ಬಿಸಿಲು ಗಾಳಿಯ ಒತ್ತಡವನ್ನೂ ಏರಿಸುತ್ತದೆ. ಬೆಳಗಿನ 25 ಡಿಗ್ರಿಯಲ್ಲಿ 70 ಪಿಎಸ್‌ಐ ತುಂಬಿದ ಟೈರು ಮಧ್ಯಾಹ್ನದ ಡಾಂಬರಿನ ಮೇಲೆ 55 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 78ರ ಹತ್ತಿರ ಹೋಗುತ್ತದೆ. ಕಲ್ಲೂರಿನಲ್ಲಿ ನನ್ನ ಟೈರು ಹಾರಲು ಒತ್ತಡದ ಇಂಥ ಏರಿಕೆಯೂ ಕೈ ಸೇರಿಸಿತ್ತು. ಟ್ಯೂಬಿನಲ್ಲಿ 85–90 ತುಂಬಿ ಅಭ್ಯಾಸವಾದವರಿಗೆ ಟ್ಯೂಬ್‌ಲೆಸ್‌ನಲ್ಲಿ 65–70 ಸಾಕು ಎಂದರೆ ನಂಬಿಕೆ ಬರುವುದಿಲ್ಲ. 70 ಕಿಲೋದ ಸವಾರನಿಗೆ, 28 ಮಿಲಿಮೀಟರಿನ ಟೈರಿಗೆ ನನ್ನ ಲೆಕ್ಕ ಅದೇ. ಗುಂಡಿಗೆ ಬಿದ್ದಾಗ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕು ಜೋಡಿ ತೂತಾಗುವ ಟ್ಯೂಬೇ ಇಲ್ಲವಾದ್ದರಿಂದ ಒತ್ತಡ ಕಡಿಮೆ ಇಡಬಹುದು. ದೇವದುರ್ಗ ದಾರಿಯ ತೇಪೆ ರಸ್ತೆಯಲ್ಲಿ ಅಂಗೈ ಜುಮ್ಮೆನ್ನುವುದು ಎಷ್ಟು ಕಡಿಮೆಯಾಗುತ್ತದೆಂದು ಮೊದಲ ದಿನವೇ ತಿಳಿಯುತ್ತದೆ.

ಮೋಟಾರ್‌ಬೈಕಿನವರು ಕೇಳುವ ಪ್ರಶ್ನೆಗೂ ಉತ್ತರ ಹೆಚ್ಚುಕಡಿಮೆ ಇದೇ. ಹಳೆಯ ಬೈಕಿನ ಅಲಾಯ್ ಗಾಲಿಗೆ ಟ್ಯೂಬ್‌ಲೆಸ್ ಟೈರು ಹಾಕಬಹುದೇ? ರಿಮ್ಮಿನ ಅಳತೆಯ ಪಕ್ಕ ‘ಎಂಟಿ’ ಎಂದಿದ್ದರೆ ಟ್ಯೂಬ್‌ಲೆಸ್‌ಗೆ ಹೊಂದುವ ರಿಮ್ಮು ಎಂದು ಅರ್ಥ, ಒಳಗೆ ಆ ದಿಣ್ಣೆಯೂ ಇದ್ದರೆ ಹಾಕಬಹುದು. ‘ಡಬ್ಲ್ಯೂಎಂ’ ಎಂದಿದ್ದರೆ ಅದು ಟ್ಯೂಬಿಗೆಂದೇ ಮಾಡಿದ ರಿಮ್ಮು. ಗಾಳಿ ನಿಂತರೂ ಹಾಕಬೇಡಿ, ಬೈಕಿನ ವೇಗಕ್ಕೆ ದಿಣ್ಣೆ ಇಲ್ಲದ ರಿಮ್ಮು ಬಲು ಅಪಾಯ. ಕಡ್ಡಿ ಗಾಲಿಯ ಬೈಕಿಗೆ ಮನೆಯಲ್ಲಿ ಟೇಪು ಸುತ್ತುವ ಸಾಹಸವನ್ನು ನಾನು ಯಾರಿಗೂ ಹೇಳುವುದಿಲ್ಲ.

ದಾರಿಯಲ್ಲಿ ಮುಳ್ಳು ಚುಚ್ಚಿದಾಗ ಮಾಡಬೇಕಾದ್ದು ನಮ್ಮ ಅಭ್ಯಾಸಕ್ಕೆ ತೀರ ವಿರುದ್ಧ: ಕೀಳಬೇಡಿ. ಮುಳ್ಳೇ ಬಿರಡೆಯಾಗಿ ಕೂತಿರುತ್ತದೆ, ಹೊರಗೆ ಚಾಚಿದ ತುಂಡನ್ನು ಮುರಿದು ಮನೆಗೆ ಬನ್ನಿ. ಹೆಚ್ಚಿನ ವೇಳೆ ಚುಚ್ಚಿದ್ದೂ ಗೊತ್ತಾಗುವುದಿಲ್ಲ. ಮನೆಗೆ ಬಂದು ನೋಡಿದರೆ ಟೈರಿನ ಮೇಲೆ ಒಂದು ಒದ್ದೆ ಚುಕ್ಕೆ, ಅಷ್ಟೇ. ಹಾಲು ಚಿಮ್ಮುವಷ್ಟು ತೂತಾದರೆ ಇಳಿದು, ತೂತನ್ನು ನೆಲದ ಕಡೆಗೆ ತಿರುಗಿಸಿ ಒಂದು ನಿಮಿಷ ಬಿಡಿ. ಹಾಲು ತಳಕ್ಕೆ ಇಳಿದು ಅಲ್ಲೇ ಸೇರುತ್ತದೆ. ಒತ್ತಡ 40ಕ್ಕೆ ಇಳಿಯುವ ಹೊತ್ತಿಗೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಸಣ್ಣ ರಬ್ಬರ್ ಬತ್ತಿ. ಗಾಜು ಕೊಯ್ದು ಟೈರೇ ಬಾಯಿ ಬಿಟ್ಟರೆ ಮಾತ್ರ ವಾಲ್ವು ಬಿಚ್ಚಿ ಟ್ಯೂಬು ಹಾಕಬೇಕು. ಆದ್ದರಿಂದ ಒಂದು ಟ್ಯೂಬು ಸೀಟಿನ ಕೆಳಗೆ ಇದ್ದೇ ಇರಲಿ.

ಹಾಗೆ ಟ್ಯೂಬು ಹಾಕಬೇಕಾಗಿ ಬಂದ ದಿನವೇ ನಾನು ಕಾಕಾನ ಅಂಗಡಿಗೆ ಗಾಲಿ ತಂದದ್ದು. ಕಲ್ಲಿನ ಚೂರೊಂದು ಟೈರಿನ ನಡುವೆ ಕೊಯ್ದಿತ್ತು. ದಾರಿಯಲ್ಲಿ ಟ್ಯೂಬು ಹಾಕಿದೆ, ಎರಡು ಕಿಲೋಮೀಟರಿಗೆ ಗಾಳಿ ಇಳಿಯಿತು. ತೇಪೆ ಹಚ್ಚಿದೆ, ಮತ್ತೆ ಇಳಿಯಿತು. ನನ್ನ ವಿವರಣೆಯನ್ನೆಲ್ಲ ಕೇಳಿ, ಟೇಪಿನ ಗುಳಿಗಳ ಮೇಲೆ ಬೆರಳಾಡಿಸಿ, “ಅಂದ್ರ ಗಾಳಿ ರಿಮ್ಮಿನ ಮ್ಯಾಲೇ ಕುಂದರತೈತಿ ಅನ್ನು” ಎಂದು ತಲೆಯಾಡಿಸಿದ ಕಾಕಾ ಟ್ಯೂಬನ್ನು ಮುಟ್ಟಲೇ ಇಲ್ಲ. ಡಬ್ಬಿಯಿಂದ ಒಂದು ಉಂಡೆ ಅರಳೆ ತೆಗೆದು, ಟೈರಿನ ಒಳಮೈಗೆ ಒತ್ತಿ ಮೆಲ್ಲಗೆ ಸುತ್ತ ಎಳೆದರು. ಒಂದು ಕಡೆ ಅರಳೆಯ ಎಳೆ ಸಿಕ್ಕಿ ನಿಂತಿತು. ಅಲ್ಲಿ ಕಣ್ಣಿಗೆ ಏನೂ ಕಾಣದು. ಚಿಮಟಿಗೆಯಿಂದ ಒತ್ತಿ ಎಳೆದರೆ ಕಪ್ಪು ಜಾಲಿಮುಳ್ಳಿನ ಮುರಿದ ಮೊನೆ, ಅದರ ಸುತ್ತ ಹೆಪ್ಪುಗಟ್ಟಿದ ಬಿಳಿ ರಬ್ಬರು. ಮುಂದಕ್ಕೆ ಎಳೆದರು, ಇನ್ನೊಂದು. ತಿಂಗಳುಗಟ್ಟಲೆ ಸೀಲೆಂಟ್ ನನಗೆ ತಿಳಿಯದಂತೆ ಮುಚ್ಚಿಟ್ಟಿದ್ದ ಮುಳ್ಳುಗಳೆಲ್ಲ ಒಳಗೇ ಇದ್ದವು. ಟ್ಯೂಬು ಹೋಗಿ ಅವುಗಳ ಮೇಲೆಯೇ ಕೂತಿತ್ತು. ಹಳೆಯ ಪತ್ರಿಕೆಯ ಮೇಲೆ ಕಾಕಾ ಅವನ್ನು ಸಾಲಾಗಿ ಇಡುತ್ತ ಹೋದರು. ಹನ್ನೊಂದು.